ಪದಚರ್ಚೆ: ಕಿವಿ ಗುಂಯ್ ಅನ್ನೋದಕ್ಕೆ ಏನು ಹೇಳೋಣ? ನಾಳೆ ಸಂಜೆಯೊಳಗೆ ಬೇಕು

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಹಾಡುವವರು, ನುಡಿಸುವವರು, ಮಿಕ್ಸಿಂಗ್ ಮಾಡುವವರು ಕಿವಿ ಕಾಪಾಡಿಕೊಳ್ಳುವ ಬಗ್ಗೆ ಒಂದು ಸಣ್ಣ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಜೊತೆಗೆ ತಾಲೀಮಿನ ಕೋಣೆಯ ಬಾಗಿಲಿಗೆ ಹಾಕುವ ಒಂದು ಫಲಕವೂ ಇದೆ. ಕೈಪಿಡಿಗೆ ಇನ್ನೂ ಸಮಯ ಇದೆ, ಫಲಕ ಮಾತ್ರ ನಾಳೆ ಸಂಜೆ ಅಚ್ಚಿಗೆ ಹೋಗಬೇಕು.

ಟಿನಿಟಸ್‌ಗೆ, ಅಂದರೆ ಹೊರಗೆ ಸದ್ದಿಲ್ಲದಿದ್ದರೂ ಕಿವಿಯಲ್ಲಿ ಗುಂಯ್ ಅಂತ ಕೇಳುತ್ತಲೇ ಇರುವುದಕ್ಕೆ, ಏನನ್ನಬೇಕು? ಕರ್ಣನಾದ, ಕಿವಿಮೊರೆತ ಎರಡೂ ಅಲ್ಲಲ್ಲಿ ಕಾಣುತ್ತವೆ. ಯಾವುದು ಓದಿದ ಕೂಡಲೇ ಹೊಳೆಯುತ್ತದೆ? ಇಯರ್‌ಪ್ಲಗ್ ಅನ್ನು ಹಾಗೇ ಬಿಡಲಾ, ಕಿವಿಬಿರಡೆ ಅನ್ನಲಾ? ಕೈಪಿಡಿಗೆ ತಲೆಬರಹವಾಗಿ "ಶ್ರವಣ ಸಂರಕ್ಷಣೆ" ಅಂತ ಸದ್ಯಕ್ಕೆ ಬರೆದಿಟ್ಟಿದ್ದೇನೆ, ಅದು ಯಾವುದೋ ಇಲಾಖೆಯ ಸುತ್ತೋಲೆಯ ಹಾಗೆ ಕೇಳುತ್ತದೆ. ಫಲಕದಲ್ಲಿ ಎರಡು ಸಾಲಿಗಷ್ಟೇ ಜಾಗ.

ಮರು:

ಮೇಡಂ, ಕರ್ಣನಾದ. ಹೊಸ ಪದ ಕಟ್ಟುವ ಅಗತ್ಯವೇ ಇಲ್ಲ. ಸುಶ್ರುತ ಕಿವಿಯ ರೋಗಗಳನ್ನು 28 ಎಂದು ಎಣಿಸಿದ್ದಾನೆ, ಅದರಲ್ಲಿ ಈ ಬಗೆಯವು ಒಂದಲ್ಲ, ಎರಡು. ಆಯುರ್ವೇದದ ಇನ್ನೊಂದು ಗ್ರಂಥ ಮಾಧವನಿದಾನ ಇನ್ನೂ ಬಿಡಿಸಿ ಹೇಳುತ್ತದೆ: ಭೇರಿ, ಮೃದಂಗ, ಶಂಖದ ಹಾಗೆ ಕೇಳಿದರೆ ಕರ್ಣನಾದ, ಕೊಳಲಿನ ಹಾಗೆ ಕೇಳಿದರೆ ಕರ್ಣಕ್ಷ್ವೇಡ. ಸದ್ದಿನ ಬಗೆ ನೋಡಿ ಹೆಸರಿಟ್ಟವರು ಅವರು. ಇಷ್ಟು ಸೂಕ್ಷ್ಮವಾದ ಪದ ಸಿದ್ಧವಾಗಿರುವಾಗ ಬಿರಡೆ, ಬೆಣೆ ಅಂತ ಬಡಗಿಯ ಪೆಟ್ಟಿಗೆ ತೆರೆಯುವುದು ಯಾಕೆ? ತಲೆಬರಹವೂ ನೀವು ಬರೆದದ್ದೇ ಸರಿ.

ಮರು:

ಬಾಗಿಲ ಮೇಲೆ ಕರ್ಣಕ್ಷ್ವೇಡ ಅಂತ ಬರೆದರೆ ಓದುವವರು ಯಾರು? ಬೇಡ.

ಕಿವಿಮೊರೆತ ಸಾಕು. ಮೊರೆ ಅನ್ನುವುದು ದುಂಬಿಗೂ ಆಗುತ್ತದೆ, ಕಡಲಿಗೂ ಆಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಕಿವಿ ಅನ್ನುವ ಪದವನ್ನೇ ನೋಡಿ. ತಮಿಳು, ತೆಲುಗು ಎರಡರಲ್ಲೂ ಮೊದಲ ಕಕಾರ ಚಕಾರವಾಗಿ ಚೆವಿ ಆಯಿತು. ನಾವು ಕ ಉಳಿಸಿಕೊಂಡೆವು, ತುಳುವಿನ ಕೆಬಿಯಲ್ಲೂ ಅದೇ ಕ. ಇಂಥ ಹಳೆಯ ಪದ ಬಾಯಲ್ಲೇ ಇರುವಾಗ ಕರ್ಣ, ಶ್ರವಣ ಅಂತ ಯಾಕೆ ಅಲೆಯಬೇಕು? ತಲೆಬರಹಕ್ಕೆ ಕಿವಿಗಾಪು, ಮೈಗಾಪು ಇದ್ದ ಹಾಗೆ. ಆದೇಶಸಂಧಿ ಮರೆತು ಕಿವಿಕಾಪು ಅಂತ ಅಚ್ಚು ಹಾಕಿಸಬೇಡಿ. ಮತ್ತೆ ಕೈಪಿಡಿಯಲ್ಲಿ ಶಬ್ದ ಅಂತ ಇರುವಲ್ಲೆಲ್ಲ ಸದ್ದು ಅಂತ ಮಾಡಿ. ಶಬ್ದ ಎರವಲು.

ಮರು:

ಸದ್ದು ಅನ್ನೋದು ಶಬ್ದದ ತದ್ಭವ. ಅದೂ ಎರವಲೇ. ಕಿವಿಗಾಪು ಚೆನ್ನಾಗಿದೆ.

ಮರು:

ಬಾಯಿಗೆ ಒಗ್ಗಿದ ಮೇಲೆ ತದ್ಭವ ನಮ್ಮದೇ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಮರು:

ನಾನು ಡ್ರಮ್ಸ್ ನುಡಿಸುವವನು, ಬಿಡುವಿದ್ದಾಗ ಮಿಕ್ಸಿಂಗ್ ಕೂಡ ಮಾಡುತ್ತೇನೆ. ಈ ಸದ್ದು ನನ್ನ ಎರಡೂ ಕಿವಿಯಲ್ಲಿದೆ, ಈಗ ಇದನ್ನು ಬರೆಯುತ್ತಿರುವಾಗಲೂ ಇದೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಮೊದಲು ಕರ್ಣನಾದ. ಮೇಷ್ಟ್ರೇ, ನಿಮ್ಮ ಮಾಹಿತಿಗೆ ಗೌರವ ಇದೆ, ಆದರೆ ನಾದ ಅನ್ನೋದು ನಮ್ಮವರಿಗೆ ದೊಡ್ಡ ಪದ. ನಾದ ಕೂಡಬೇಕು, ನಾದ ನಿಲ್ಲಬೇಕು ಅಂತ ಜೀವಮಾನವಿಡೀ ಒದ್ದಾಡುವವರಿಗೆ ಕಿವಿಯ ಹಾನಿಗೂ ಅದೇ ಹೆಸರು ಕೊಟ್ಟರೆ ಅದೇನೋ ಸಿದ್ಧಿ ಅಂದುಕೊಂಡಾರು. ಎಚ್ಚರಿಕೆಯ ಫಲಕಕ್ಕೆ ಅದು ಆಗಲ್ಲ.

ಮೊರೆತದ ಬಗ್ಗೆ ನನ್ನ ತಕರಾರು ಬೇರೆ. ಮೊರೆತ ಅಂದ ಕೂಡಲೇ ಕಿವಿಗೆ ಬರೋದು ಕೆಳಸ್ಥಾಯಿಯ, ತುಂಬಿದ ಸದ್ದು. ಜೋರು ಸಂಗೀತದಿಂದ ಕೆಟ್ಟ ಕಿವಿಯಲ್ಲಿ ಸಾಮಾನ್ಯವಾಗಿ ಕೇಳೋದು ಹಾಗಲ್ಲ. ತೆಳ್ಳಗೆ, ಮೇಲೆ, ಎಳೆದ ಹಾಗೆ ಇರುತ್ತದೆ. ಚೆಕ್ ಸಂಗೀತ ರಚನಕಾರ ಸ್ಮೆತಾನಾ 1874ರಲ್ಲಿ ಕಿವುಡಾದರು. 1876ರಲ್ಲಿ ಬರೆದ ಮೊದಲ ತಂತಿ ಕ್ವಾರ್ಟೆಟ್‌ನ (ನಾಲ್ಕು ತಂತಿವಾದ್ಯಗಳಿಗೆ ಬರೆದ ರಚನೆ) ಕೊನೆಯ ಭಾಗದಲ್ಲಿ ಇದ್ದಕ್ಕಿದ್ದಂತೆ ಒಂದನೇ ಪಿಟೀಲು ತುಂಬಾ ಮೇಲಿನ ಒಂದು ಇ ಸ್ವರವನ್ನು ಹಿಡಿದು ಬಿಡದೆ ನಿಲ್ಲುತ್ತದೆ. ತನ್ನ ಕಿವಿಯಲ್ಲಿ ಕೇಳಿದ್ದನ್ನೇ ಅವರು ಅಲ್ಲಿ ಬರೆದಿಟ್ಟರು. ಅವರ ಕಿವಿ ಹೋದದ್ದು ಜೋರು ಸದ್ದಿನಿಂದಲ್ಲ, ನಿಜ. ಆದರೆ ಆ ಸ್ವರ ಕೇಳಿದರೆ ನಮ್ಮಲ್ಲಿ ಅನೇಕರು "ಹೌದು, ಇದೇ" ಅಂತಾರೆ. ಅದಕ್ಕೆ ಮೊರೆತ ಅನ್ನೋ ಪದ ಕೂರಲ್ಲ.

ಬಿರಡೆಗೆ ಬರೋಣ. ತಂತಿವಾದ್ಯದವರಿಗೆ ಬಿರಡೆ ಅಂದರೆ ಶ್ರುತಿ ಮಾಡೋದಕ್ಕೆ ತಿರುಗಿಸುವ ಗೂಟ. ಸೀಸೆಯ ಬಾಯಿಗೆ ಹಾಕೋದೂ ಬಿರಡೆ, ಗೊತ್ತು. ತೊಂದರೆ ಇರೋದೂ ಅಲ್ಲೇ. ಬಿರಡೆ ಜಡಿದ ಸೀಸೆಯಿಂದ ಏನೂ ಹೊರಗೆ ಬರಲ್ಲ, ಏನೂ ಒಳಗೆ ಹೋಗಲ್ಲ. ನುಡಿಸುವವರು ಪ್ಲಗ್ ಹಾಕದೇ ಇರೋದು ಈ ಭಯಕ್ಕೇ: ಹಾಕಿದರೆ ಸಂಗೀತ ಕೇಳಲ್ಲ ಅಂತ. ಸ್ಪಂಜಿನ ಪ್ಲಗ್ ಮಟ್ಟಿಗೆ ಆ ದೂರು ಅರ್ಧ ನಿಜ, ಅದು ಮೇಲಿನ ಸ್ವರಗಳನ್ನು ಜಾಸ್ತಿ ತಿನ್ನುತ್ತದೆ, ಸಿಂಬಲ್‌ನ ಹೊಳಪು ಹೋಗುತ್ತದೆ, ಹಾಡಿನ ಅಕ್ಷರಗಳು ಮಸುಕಾಗುತ್ತವೆ, ಎರಡೇ ಹಾಡಿಗೆ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಾರೆ. ಆದರೆ ಸಂಗೀತಗಾರರಿಗೇ ಮಾಡಿದ ಫಿಲ್ಟರ್ ಪ್ಲಗ್ ಬೇರೆ. 9, 15, 25 ಡೆಸಿಬೆಲ್ ಅಂತ ಬರುತ್ತವೆ, ಅಂದರೆ ಸದ್ದಿನ ಜೋರನ್ನು ಅಳೆಯುವ ಆ ಲೆಕ್ಕದಲ್ಲಿ ಅಷ್ಟು ಇಳಿಸುತ್ತವೆ. ಮೇಲಿನದು, ಕೆಳಗಿನದು ಎಲ್ಲವನ್ನೂ ಹೆಚ್ಚುಕಡಿಮೆ ಒಂದೇ ಸಮನೆ ಇಳಿಸುತ್ತವೆ. ವಾಲ್ಯೂಮ್ ಗುಂಡಿ ಸ್ವಲ್ಪ ತಿರುಗಿಸಿದ ಹಾಗೆ. ಅದಕ್ಕೆ ಬಿರಡೆ ಅಂದರೆ ತಪ್ಪು ತಿಳುವಳಿಕೆಗೆ ನಾವೇ ಹೆಸರು ಕೊಟ್ಟ ಹಾಗಾಗುತ್ತದೆ. ಇಯರ್‌ಪ್ಲಗ್ ಅಂತಲೇ ಇಡಿ. ಅಂಗಡಿಯಲ್ಲಿ ಕೇಳೋದೂ ಅದೇ ಹೆಸರಲ್ಲಿ.

ನನ್ನ ಮುಖ್ಯ ಮಾತು ಇದು. ಫಲಕಕ್ಕೆ ನಾಮಪದವೇ ಬೇಡ. "ಕಿವಿ ಗುಂಯ್ ಅಂತಿದೆ" ಅಂತ ಕನ್ನಡದಲ್ಲಿ ಎಲ್ಲರೂ ಹೇಳುತ್ತಾರೆ, ಮಕ್ಕಳೂ ಹೇಳುತ್ತಾರೆ. ಕ್ರಿಯಾಪದ ಬಾಯಲ್ಲೇ ಇದೆ. ಅದನ್ನು ಬಿಟ್ಟು ನಾಮಪದ ಕಟ್ಟೋದಕ್ಕೆ ಹೊರಟ ಕೂಡಲೇ ಓದುವವನಿಗೂ ಅವನ ಕಿವಿಗೂ ಇರುವ ನಂಟು ತಪ್ಪುತ್ತದೆ. "ಕಿವಿಮೊರೆತ ಇದ್ದಲ್ಲಿ" ಅಂತ ಬರೆದರೆ ಅದು ಬೇರೆ ಯಾರಿಗೋ ಬಂದ ಕಾಯಿಲೆ. "ಕಿವಿ ಗುಂಯ್ ಅನ್ನುತ್ತಿದೆಯೇ?" ಅಂದರೆ ಅವನು ನಿಂತು ಕೇಳಿಸಿಕೊಳ್ಳುತ್ತಾನೆ.

ಮರು:

ಅನುಕರಣಾವ್ಯಯವನ್ನು ಎಚ್ಚರಿಕೆಯ ಫಲಕಕ್ಕೆ ಹಾಕುವುದು ಮಕ್ಕಳಾಟ. ಒಬ್ಬರಿಗೆ ಗುಂಯ್, ಇನ್ನೊಬ್ಬರಿಗೆ ಜುಂಯ್, ಮತ್ತೊಬ್ಬರಿಗೆ ಸುಂಯ್. ಪರಿಭಾಷೆ ಹೀಗೆ ನಡೆಯುವುದಿಲ್ಲ.

ಮರು:

ಮೇಷ್ಟ್ರೇ, ಪಿಸುಗುಟ್ಟು, ಬುಸುಗುಟ್ಟು, ಗುನುಗುಟ್ಟು ಇವೆಲ್ಲ ಮಕ್ಕಳಾಟವೇ? ಅನುಕರಣದ ಮೇಲೆ ಗುಟ್ಟು ಸೇರಿಸಿ ಕನ್ನಡ ಎಷ್ಟು ಕ್ರಿಯಾಪದ ಮಾಡಿಕೊಂಡಿಲ್ಲ! ಟಿನಿಟಸ್ ಅನ್ನುವ ಲ್ಯಾಟಿನ್ ಪದ ಕೂಡ ಗಂಟೆ ಟಿಣ್ ಅನ್ನುವ ಧಾತುವಿನಿಂದಲೇ ಬಂದದ್ದು. ಅಲ್ಲಿ ಅದು ಶಾಸ್ತ್ರ, ಇಲ್ಲಿ ಆಟ, ಅಲ್ವಾ?

ಕಿವಿ ಮಂದವಾಗುತ್ತಿದ್ದ ಸಂಗೀತ ರಚನಕಾರ ಬೀಥೋವನ್ 1801ರಲ್ಲಿ ಗೆಳೆಯ ವೆಗೆಲರ್‌ಗೆ ಬರೆದ ಪತ್ರದಲ್ಲೂ ನಾಮಪದ ಇಲ್ಲ. ಕಿವಿಗಳು ಹಗಲು ರಾತ್ರಿ ಹೀಗೆ ಸದ್ದು ಮಾಡುತ್ತಿವೆ ಅಂತ ಎರಡು ಕ್ರಿಯಾಪದ ಬಳಸಿದ. ಒಂದು ಗಾಳಿ ಸುಯ್ಯೆನ್ನುವುದಕ್ಕೆ ಹೇಳುವಂಥದ್ದು, ಇನ್ನೊಂದು ಕಡಲು ಭೋರ್ಗರೆಯುವುದಕ್ಕೆ ಹೇಳುವಂಥದ್ದು.

ಮರು:

ಕಡಲು ಭೋರ್ಗರೆಯುವುದು ಅಂದರೆ ಮೊರೆತವೇ ಆಯಿತಲ್ಲ. ಬೀಥೋವನ್ನನೇ ನನ್ನ ಪರವಾಗಿ ಸಾಕ್ಷಿ ಹೇಳಿದ. ಮೊರೆತ ಕೂರಲ್ಲ ಅಂದವರು ಈಗ ಏನಂತಾರೆ?

ಮತ್ತೆ ಇಯರ್‌ಪ್ಲಗ್ ಹಾಗೇ ಇರಲಿ ಅನ್ನುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಅಂಗಡಿಯಲ್ಲಿ ಹೀಗೇ ಕೇಳುತ್ತಾರೆ ಅನ್ನುವ ವಾದ ಹಿಡಿದರೆ ಕನ್ನಡದಲ್ಲಿ ಯಾವ ಪದವೂ ಹುಟ್ಟಲ್ಲ. ಅಂಗಡಿಯವನು ಹೇಳುವುದು ನಾವು ಬರೆಯದೇ ಇದ್ದದ್ದಕ್ಕೆ.

ಮರು:

ನಾನು ಕಿವಿ ಪರೀಕ್ಷೆ ಮಾಡುವವಳು. ಮೊರೆತದ ಜಗಳ ಬಿಡಿಸಬಹುದು ಅನ್ನಿಸಿತು, ಅದಕ್ಕೇ ಬರೆಯುತ್ತಿದ್ದೇನೆ.

ಇಬ್ಬರೂ ಹೇಳುವುದು ಇದೆ. ಕಡಲ ಹಾಗೆ ಭೋರ್ ಅನ್ನುವುದು ಮೆನಿಯರ್ಸ್ ಅನ್ನುವ ಕಾಯಿಲೆಯಲ್ಲಿ ಕೇಳುತ್ತದೆ, ತಲೆಸುತ್ತೂ ಬರುತ್ತದೆ. ಜೋರು ಸದ್ದಿನಿಂದ ಆದ ಹಾನಿಯಲ್ಲಿ ಮೊದಲು ಪೆಟ್ಟು ಬೀಳುವುದು 4,000 ಹರ್ಟ್ಸ್ (ಸ್ವರ ಎಷ್ಟು ಮೇಲಿನದು ಅನ್ನುವ ಅಳತೆ) ಆಸುಪಾಸಿಗೆ. ಪರೀಕ್ಷೆಯ ನಕ್ಷೆಯಲ್ಲಿ ಅಲ್ಲೊಂದು ತಗ್ಗು ಬೀಳುತ್ತದೆ, ಕೇಳುವ ಕೀ ಸದ್ದೂ ಹೆಚ್ಚಾಗಿ ಅದೇ ಸುತ್ತಮುತ್ತ ಇರುತ್ತದೆ. ಹಾಗಾಗಿ ಈ ಕೈಪಿಡಿಗೆ ಗುಂಯ್, ಕೀ ಹತ್ತಿರದ ಪದಗಳು. ಮೊರೆತ ದೂರದ್ದು. ಇನ್ನು ಎದೆಬಡಿತದ ತಾಳಕ್ಕೆ ಸರಿಯಾಗಿ ಸದ್ದು ಕೇಳಿದರೆ, ಒಂದೇ ಕಿವಿಯಲ್ಲಿ ಕೇಳಿದರೆ, ಇದ್ದಕ್ಕಿದ್ದಂತೆ ಕಿವಿ ಮಂದವಾದರೆ ತಡ ಮಾಡದೆ ಡಾಕ್ಟರ ಹತ್ತಿರ ಹೋಗಬೇಕು. ದಯವಿಟ್ಟು ಇದನ್ನು ಕೈಪಿಡಿಯಲ್ಲಿ ಬಿಡಬೇಡಿ, ಯಾವ ಪದ ಬೇಕಾದರೂ ಹಾಕಿ.

ಟಿನಿಟಸ್ ಅನ್ನುವ ಪದವನ್ನೂ ಒಮ್ಮೆ ಕೊಡಿ. ಡಾಕ್ಟರು ಚೀಟಿಯಲ್ಲಿ ಬರೆಯುವುದು ಅದೇ. ಆ ಪದ ಮೊದಲೇ ಗೊತ್ತಿದ್ದರೆ ಚೀಟಿ ನೋಡಿ ಹೆದರಲ್ಲ.

ಮರು:

ಕಿವಿಗಡಚಿಕ್ಕು ಅನ್ನುವ ಒಳ್ಳೆಯ ಪದ ಇದೆಯಲ್ಲ, ಯಾರೂ ಎತ್ತಲೇ ಇಲ್ಲ. ಫಲಕಕ್ಕೆ "ಇಲ್ಲಿ ಸದ್ದು ಕಿವಿಗಡಚಿಕ್ಕುತ್ತದೆ, ಎಚ್ಚರ" ಅಂತ ಹಾಕಬಹುದು.

ಮರು:

ಅದು ಬೇಡವೇ ಬೇಡ. ಪದ ಚೆನ್ನಾಗಿದೆ, ಆದರೆ ಅಪಾಯ ಅಷ್ಟು ದೂರದಲ್ಲಿಲ್ಲ.

ಕೆಲಸದ ಜಾಗದ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ಸಂಸ್ಥೆ ನಿಯೋಶ್ ಹಾಕಿಕೊಟ್ಟ ಲೆಕ್ಕ ನೋಡಿ. 85 ಡೆಸಿಬೆಲ್ ಇದ್ದರೆ ದಿನಕ್ಕೆ ಹೆಚ್ಚೆಂದರೆ 8 ಗಂಟೆ ಕೇಳಬಹುದು. ಅಲ್ಲಿಂದ 3 ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ ಎರಡರಷ್ಟು, ಸಮಯ ಅರ್ಧ. 88ಕ್ಕೆ 4 ಗಂಟೆ, 94ಕ್ಕೆ 1 ಗಂಟೆ, 100ಕ್ಕೆ ಬರೀ 15 ನಿಮಿಷ. 94 ಡೆಸಿಬೆಲ್‌ನಲ್ಲಿ ಯಾರಿಗೂ ಕಿವಿ ಗಡಚಿಕ್ಕಲ್ಲ, ನೋವೂ ಆಗಲ್ಲ, ಮಜಾ ಬರುತ್ತದೆ. ನೋವು ಶುರುವಾಗುವುದು 120 ದಾಟಿದ ಮೇಲೆ. ನೋವಾಗಲಿಲ್ಲ ಅಂದರೆ ಹಾನಿ ಆಗಿಲ್ಲ ಅಂತ ನಂಬಿಕೊಂಡೇ ನಾವೆಲ್ಲ ಕಿವಿ ಕಳೆದುಕೊಳ್ಳುವುದು. ಆ ಫಲಕ ಓದಿದವನು "ಇಲ್ಲಿ ಅಷ್ಟೇನೂ ಗಡಚಿಕ್ಕುತ್ತಿಲ್ಲ" ಅಂತ ಒಳಗೆ ಹೋಗುತ್ತಾನೆ.

ಇದೇ ಲೆಕ್ಕದಲ್ಲಿ 15ರ ಫಿಲ್ಟರ್ ಸರಿಯಾಗಿ ಹಾಕಿಕೊಂಡರೆ 100 ಇದ್ದದ್ದು ಕಿವಿಗೆ 85 ಆಗುತ್ತದೆ. 15 ನಿಮಿಷ ಇದ್ದದ್ದು 8 ಗಂಟೆ. ಮೇಡಂ, ಕೈಪಿಡಿಯಲ್ಲಿ ಬೇರೆ ಏನು ಹೋದರೂ ಈ ಒಂದು ಸಾಲು ಉಳಿಸಿ. ಒಳಕಿವಿಯ ಕೂದಲಿನಂಥ ಕೋಶಗಳು ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟಲ್ಲ. ಪದ ಈ ವರ್ಷ ತಪ್ಪಿದರೆ ಮುಂದಿನ ಅಚ್ಚಿನಲ್ಲಿ ತಿದ್ದಬಹುದು.

ಮರು:

ಡೆಸಿಬೆಲ್, ಫಿಲ್ಟರ್, ಪ್ಲಗ್, ಟಿನಿಟಸ್, ಹರ್ಟ್ಸ್. ಇದು ಪದಚರ್ಚೆಯೇ? ಎಲ್ಲವನ್ನೂ ಹಾಗೇ ತಂದಿಟ್ಟು ನಡುವೆ "ಇದೆ", "ಇಲ್ಲ" ಸೇರಿಸಿದರೆ ಕನ್ನಡ ಆಗಲ್ಲ.

ಮರು:

ಎಲ್ಲವೂ ಒಂದೇ ಅಲ್ಲ. ಡೆಸಿಬೆಲ್, ಹರ್ಟ್ಸ್ ಅಳತೆಗಳು, ಬೆಲ್ ಮತ್ತು ಹರ್ಟ್ಸ್ ಅನ್ನುವ ಮನುಷ್ಯರ ಹೆಸರಿನಿಂದ ಬಂದವು, ಅವಕ್ಕೆ ಕನ್ನಡ ಕಟ್ಟಲು ಹೋಗುವವರು ಮೊದಲು ಮೀಟರಿಗೆ ಕಟ್ಟಲಿ. ಇಯರ್‌ಪ್ಲಗ್ ಕೊಳ್ಳುವ ವಸ್ತು. ಆದರೆ ಕಿವಿ, ಕೇಳು, ಕಿವುಡು, ಗುಂಯ್, ಕಾಪು ಇವೆಲ್ಲ ಮೈಗೆ ಸೇರಿದ್ದು. ಅಲ್ಲಿ ಎರವಲು ಬಂದರೆ ನಾನೂ ನಿಮ್ಮ ಜೊತೆ ಜಗಳಕ್ಕೆ ನಿಲ್ಲುತ್ತೇನೆ. ಕಿವಿಗಾಪುವಿಗೆ ನನ್ನ ಪೂರ್ತಿ ಬೆಂಬಲ ಇದೆ.

ಮರು:

ಎಲ್ಲರಿಗೂ ಧನ್ಯವಾದ. ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ. ಕೈಪಿಡಿಯ ತಲೆಬರಹ "ಕಿವಿಗಾಪು". ಒಳಗೆ ಮೊದಲ ಸಲ "ಕಿವಿ ಗುಂಯ್ ಅನ್ನುವುದು, ವೈದ್ಯರು ಇದನ್ನು ಟಿನಿಟಸ್ ಅನ್ನುತ್ತಾರೆ" ಅಂತ ಬರೆದು, ಆಮೇಲೆ ವಾಕ್ಯಕ್ಕೆ ತಕ್ಕಂತೆ ಕ್ರಿಯಾಪದ. ಡಾಕ್ಟರ ಹತ್ತಿರ ಯಾವಾಗ ಹೋಗಬೇಕು ಅನ್ನೋದನ್ನು ಬೇರೆ ಚೌಕದಲ್ಲಿ ಹಾಕುತ್ತೇನೆ. ಫಲಕ ಹೀಗೆ:

ಕಿವಿ ಗುಂಯ್ ಅನ್ನುತ್ತಿದೆಯೇ? ಹೊರಗೆ ಬಂದು ಕಿವಿಗೆ ಬಿಡುವು ಕೊಡಿ.
ಒಳಗೆ ಹೋಗುವ ಮೊದಲು ಇಯರ್‌ಪ್ಲಗ್ ಹಾಕಿಕೊಳ್ಳಿ.

ಮರು:

ಸಾಲು ಅದಲುಬದಲು ಮಾಡಿ. ಗುಂಯ್ ಅನ್ನುವ ಹೊತ್ತಿಗೆ ಕಿವಿಗೆ ಪೆಟ್ಟು ಬಿದ್ದಾಗಿದೆ. ಒಂದೆರಡು ದಿನದಲ್ಲಿ ಅದು ಇಳಿದರೂ ಏನೂ ಆಗಿಲ್ಲ ಅಂತ ಅರ್ಥ ಅಲ್ಲ. ಪ್ಲಗ್ ಮೊದಲು, ದೊಡ್ಡ ಅಕ್ಷರದಲ್ಲಿ.

ಮರು:

ಮಾಡಿದೆ. ಅಚ್ಚಿಗೆ ಹೋಯಿತು.

ಮರು:

"ಅನ್ನುತ್ತಿದೆಯೇ" ಅಲ್ಲ, "ಎನ್ನುತ್ತಿದೆಯೇ". ಫಲಕ ಗೋಡೆಯ ಮೇಲೆ ವರ್ಷಗಟ್ಟಲೆ ಇರುತ್ತದೆ.