17ರ ಹುಡುಗಿ, ಕರುಳಿನ ಗ್ರಂಥಿ ದಪ್ಪ: ಟಿಬಿ ಗುಳಿಗಿ ಈಗಲೇ ಚಾಲೂ ಮಾಡಬಹುದಾ?

ಪ್ರಶ್ನೆ (ಗದಗ, ಜನರಲ್ ಪ್ರಾಕ್ಟೀಸ್)
ಎರಡು ತಿಂಗಳಿಂದ ಬಲಗಡೆ ಕೆಳಹೊಟ್ಟಿ ನೋವು, ಸಂಜಿ ಜ್ವರ, ತೂಕ 6 ಕೆ.ಜಿ. ಇಳದೈತಿ. ಎದಿ ಎಕ್ಸ್-ರೇ ನಾರ್ಮಲ್. ಸ್ಕ್ಯಾನಿಂಗ್‌ನ್ಯಾಗ ಗ್ರಂಥಿ 12 ಮಿ.ಮೀ., ಹೊಟ್ಟ್ಯಾಗ ಸ್ವಲ್ಪ ನೀರು. ಮಾಂಟು (ಚರ್ಮದ ಮ್ಯಾಲಿನ ಟಿಬಿ ಪರೀಕ್ಷಾ) 14 ಮಿ.ಮೀ. ಮನಿಯವರು ಹುಬ್ಬಳ್ಳಿಗೆ ಹೋಗಾಕ ಹಿಂದಮುಂದ ನೋಡ್ತಾರ. ಇಷ್ಟರ ಮ್ಯಾಲೆ ಚಾಲೂ ಮಾಡ್ಲ್ಯಾ?

ಉತ್ತರ 1 (ಹುಬ್ಬಳ್ಳಿ, ಗ್ಯಾಸ್ಟ್ರೋ)
ಬ್ಯಾಡ್ರಿ ಸರ್. ಮಾಂಟು ಸೋಂಕು ತಗಲೇತಿ ಅಂತ ಹೇಳ್ತದ, ರೋಗ ಐತಿ ಅಂತಲ್ಲ. ಎಕ್ಸ್-ರೇ ನಾರ್ಮಲ್ ಇದ್ದ ಮಾತ್ರಕ್ಕ ಹೊಟ್ಟಿ ಟಿಬಿ ಬಿಟ್ಟುಬಿಡಾಕೂ ಬರೂದಿಲ್ಲ. ಗ್ರಂಥಿಗಳು ಈ ವಯಸ್ಸಿನ್ಯಾಗ ಸಾದಾ ಸೋಂಕಿಗೂ ದಪ್ಪ ಆಗ್ತಾವ. ಕಾಂಟ್ರಾಸ್ಟ್ ಸಿಟಿಯೊಳಗ ನಡುವ ಕೊಳತು ಅಂಚಷ್ಟೇ ಹೊಳದರ ಅನುಮಾನ ಗಟ್ಟಿ.

ನೀರು ಸಿಗೂದಾದ್ರ ಸ್ಕ್ಯಾನ್ ನೋಡಿಕೋತ ತಗೀಸ್ರಿ. ಅದೇ ದಿನ ರಕ್ತದ ಅಲ್ಬುಮಿನ್ನೂ ಕಳಸ್ರಿ, ಮರುದಿನದ್ದು ಹಾಕಿ ಲೆಕ್ಕ ಮಾಡಿದ್ರ ತಪ್ಪತದ. ರಕ್ತದ ಅಲ್ಬುಮಿನ್‌ಗೂ ನೀರಿನ ಅಲ್ಬುಮಿನ್‌ಗೂ ಅಂತರ 1.1ಕ್ಕಿಂತ ಕಡಿಮಿ, ಲಿಂಫೋಸೈಟ್ ಹೆಚ್ಚು, ನೀರಿನ್ಯಾಗಿನ ಎಡಿಎ (ಒಂದು ಕಿಣ್ವ) 39ರ ಮ್ಯಾಲೆ ಇದ್ರ ಟಿಬಿ ಕಡೆ ವಾಲ್ತದ. ಆದ್ರ ಲಿಂಫೋಮಾ (ಗ್ರಂಥಿ ಕ್ಯಾನ್ಸರ್) ಇದ್ರೂ ಎಡಿಎ ಏರ್ತದ. ಸಿಬಿನ್ಯಾಟ್ (ಟಿಬಿ ಕ್ರಿಮಿಯ ಜೀನ್ ಹುಡುಕೂ ಪರೀಕ್ಷಾ) ನೆಗೆಟಿವ್ ಬಂದ್ರ ನಿರಾಳ ಆಗಬ್ಯಾಡ್ರಿ, ನೀರಿನ್ಯಾಗ ಕ್ರಿಮಿ ಬಾಳ ಕಡಿಮಿ ಇರ್ತಾವ. ಸಿಎ-125 (ರಕ್ತದಾಗ ನೋಡೂ ಒಂದು ಗುರುತು) ಏರಿದ್ದು ನೋಡಿ ಅಂಡಾಶಯದ ಕ್ಯಾನ್ಸರ್ ಅಂತ ಗಾಬರಿ ಹಚ್ಚಬ್ಯಾಡ್ರಿ, ಹೊಟ್ಟಿ ಟಿಬಿಯೊಳಗೂ ಅದು ಏರ್ತದ.

ಉತ್ತರ 2 (ಧಾರವಾಡ, ಪೆಥಾಲಜಿ)
ಕೊಲೊನೋಸ್ಕೋಪಿ (ಕರುಳಿನೊಳಗ ಕ್ಯಾಮೆರಾ ಹಾಕಿ ನೋಡೂದು) ಮಾಡಿದ್ರ ಸಣ್ಣಗರುಳಿನ ತುದಿತನಕ ಹೋಗಬೇಕು. ಹುಣ್ಣಿನ ಅಂಚು, ತಳ ಎರಡರಿಂದಲೂ ಸೇರಿ 6-8 ತುಣುಕು. ಎಡವೂದು ಇಲ್ಲೇ: ಎಲ್ಲಾ ತುಣುಕನ್ನೂ ಒಂದೇ ಫಾರ್ಮಲಿನ್ ಡಬ್ಬಿಗಿ ಹಾಕಿ ಕಳಸ್ತಾರ. ಫಾರ್ಮಲಿನ್‌ನ್ಯಾಗ ಕ್ರಿಮಿ ಸಾಯ್ತದ, ಕಲ್ಚರ್ ಬೆಳಿಯೂದಿಲ್ಲ. ಅರ್ಧ ಫಾರ್ಮಲಿನ್‌ಗೆ, ಅರ್ಧ ಕ್ರಿಮಿ ಇಲ್ಲದ (ಸ್ಟೆರೈಲ್) ಸಲೈನ್‌ನ್ಯಾಗ ಸಿಬಿನ್ಯಾಟ್, ಕಲ್ಚರ್‌ಗೆ. ಸಲೈನ್ ಡಬ್ಬಿ ಅವತ್ತೇ ಲ್ಯಾಬ್ ಮುಟ್ಟಬೇಕು. ಅಡ್ಡ ಹುಣ್ಣು, ಸಣ್ಣಗರುಳು-ದೊಡ್ಡಗರುಳು ಕೂಡೂ ಕಡೆ ಬಾಯಿ ತೆರೆದ ವಾಲ್ವ್ ಇದ್ರ ಟಿಬಿ ಕಡೆ. ಉದ್ದುದ್ದ ಹುಣ್ಣು, ಗುದದ ಸುತ್ತ ಫಿಸ್ಟುಲಾ ಇದ್ರ ಕ್ರೋನ್ಸ್ (ಕರುಳಿನ ದೀರ್ಘಕಾಲದ ಉರಿಯೂತದ ರೋಗ) ಕಡೆ.

ಪ್ರಶ್ನೆ ಕೇಳಿದವರು
ಭೇದಿಗಂತ ಮದ್ಲ 5 ದಿನ ಓಫ್ಲಾಕ್ಸಾಸಿನ್ ಆ್ಯಂಟಿಬಯೋಟಿಕ್ ಕೊಟ್ಟಾರ. ತೊಂದ್ರಿ ಏನರ?

ಉತ್ತರ 3 (ಹಾವೇರಿ, ಕ್ಷಯ ವಿಭಾಗ)
ಐತಿ. ಅದು ಟಿಬಿ ಕ್ರಿಮಿಗೂ ತಾಗ್ತದ, ಕಲ್ಚರ್ ಹಾಳಾಗಬಹುದು. ಇನ್ನ ಬ್ಯಾಡ, ಸ್ಟಿರಾಯ್ಡ್ ಅಂತೂ ಬ್ಯಾಡೇ ಬ್ಯಾಡ. ಎಚ್‌ಐವಿ ಪರೀಕ್ಷಾ ಮಾಡಿಸ್ರಿ. ತುಣುಕಿನ್ಯಾಗ ಏನೂ ಸಿಗದೆ, ಅನುಮಾನ ಗಟ್ಟಿ ಇದ್ದು ಔಷಧ ಕೊಟ್ರೂ ಸರ್ಕಾರದ ಟಿಬಿ ಪೋರ್ಟಲ್ ಆದ ನಿಕ್ಷಯ್‌ದಾಗ ನೋಂದಣಿ ಆಗಲೇಬೇಕು. ಎರಡು ತಿಂಗಳಿಗೆ ಮತ್ತ ಕೊಲೊನೋಸ್ಕೋಪಿ: ಹುಣ್ಣು ಮಾಯದಿದ್ರ ರೋಗನಿರ್ಣಯನ ತಿರುಗಿ ನೋಡ್ರಿ. ನೋವು, ಜ್ವರ ಇಳದದ್ದು ಮಾತ್ರ ಪುರಾವೆ ಅಲ್ಲ, ಕ್ರೋನ್ಸ್‌ನವರಿಗೂ ಈ ಗುಳಿಗಿಯಿಂದ ಸ್ವಲ್ಪ ದಿವಸ ಹಗುರ ಅನಸ್ತದ.