ಹಳೆಯ ಕಾಂಟೆಸ್ಸಾದ ಏಸಿಗೆ ಹೊಸ ಗ್ಯಾಸ್ ತುಂಬಿಸಬಹುದೇ?

ಪ್ರಶ್ನೆ (ಬಳ್ಳಾರಿಯಿಂದ):
ಮಾನ್ಯರೇ, ನಮ್ಮ ತಂದೆಯವರು 1992ರಲ್ಲಿ ಕೊಂಡ ಕಾಂಟೆಸ್ಸಾ ಕ್ಲಾಸಿಕ್ ಇಂದಿಗೂ ಚೆನ್ನಾಗಿ ಓಡುತ್ತಿದೆ. ಆದರೆ ಎರಡು ಬೇಸಿಗೆಗಳಿಂದ ಅದರ ಏಸಿಯಲ್ಲಿ ಬರಿಯ ಗಾಳಿ ಬರುತ್ತಿದೆ, ತಂಪಿಲ್ಲ. ಬೆಲ್ಟ್ ಸರಿಯಾಗಿದೆ, ಕಂಪ್ರೆಸರಿನ ಕ್ಲಚ್ ಕೂಡ ಹಿಡಿಯುತ್ತಿದೆ. ಇಂಥ ಹಳೆಯ ಏಸಿಗಳಲ್ಲಿ ತಂಪು ಮಾಡುತ್ತಿದ್ದ ಆರ್-12 ಗ್ಯಾಸ್ ಈಗ ಸಿಗುವುದಿಲ್ಲವೆಂದೂ, ಉಳಿದಿರುವುದರ ಮೇಲೆಯೇ ಅದರ ಬದಲಿಗೆ ಬಂದ ಆರ್-134ಎ ಗ್ಯಾಸ್ ತುಂಬಿದರೆ ಸಾಕೆಂದೂ ಒಬ್ಬ ಮೆಕ್ಯಾನಿಕ್ ಹೇಳುತ್ತಾರೆ. ಇನ್ನೊಬ್ಬರು ಎಲ್‌ಪಿಜಿ ಜಾತಿಯ ಅಗ್ಗದ ಗ್ಯಾಸ್ ಹಾಕಿಸಿಕೊಳ್ಳಿ ಎನ್ನುತ್ತಾರೆ. ವಯಸ್ಸಾದ ತಂದೆಯವರನ್ನು ಕೂರಿಸಿಕೊಂಡು ಓಡಾಡುವ ಕಾರಾದ್ದರಿಂದ, ತಿಳಿದವರು ದಯವಿಟ್ಟು ಸರಿದಾರಿ ತಿಳಿಸಬೇಕು.

ಉತ್ತರ 1 (ಹುಬ್ಬಳ್ಳಿ, ಕಾರ್ ಏಸಿ ಕೆಲಸ ಮಾಡುವವನು):
ಸರ್, ಮೊದಲು ಏಸಿ ಸ್ವಿಚ್ ಹಾಕುವುದನ್ನು ನಿಲ್ಲಿಸಿ. ಕಂಪ್ರೆಸರಿಗೆ ಎಣ್ಣೆಯನ್ನು ಹೊತ್ತು ತರುವುದು ಗ್ಯಾಸೇ ಆದ್ದರಿಂದ, ಗ್ಯಾಸ್ ಕಡಿಮೆಯಿದ್ದಾಗ ಕ್ಲಚ್ ಹಿಡಿದು ತಿರುಗಿದರೆ ಕಂಪ್ರೆಸರ್ ಒಳಗೇ ಸವೆದುಹೋಗುತ್ತದೆ.

ಉಳಿದಿರುವ ಹಳೆಯ ಗ್ಯಾಸಿನ ಮೇಲೆಯೇ ಹೊಸದನ್ನು ತುಂಬುವುದು ಬೇಡ ಎನ್ನಲು ಕಾರಣವೂ ಈ ಎಣ್ಣೆಯೇ. ಆರ್-12ರ ಜೊತೆ ಬಳಸುತ್ತಿದ್ದ ಮಿನರಲ್ ಎಣ್ಣೆ ಆರ್-134ಎ ಜೊತೆ ಬೆರೆಯುವುದಿಲ್ಲ. ಅದು ಕೂಲಿಂಗ್ ಕಾಯಿಲ್‌ನಲ್ಲಿ ನಿಂತುಬಿಟ್ಟರೆ ಕಂಪ್ರೆಸರ್ ಒಣಗುತ್ತದೆ. ಆದ್ದರಿಂದ ಹಳೆಯ ಎಣ್ಣೆಯನ್ನು ಬಸಿದು, ಪೈಪುಗಳನ್ನೂ ಕಾಯಿಲ್ಲನ್ನೂ ಫ್ಲಶ್ ಮಾಡಿಸಿ, ಆರ್-134ಎ ಜೊತೆ ಬೆರೆಯುವ ಎಸ್ಟರ್ ಎಣ್ಣೆ ಹಾಕಿಸಿ. ಹೊಸ ಕಾರುಗಳ ಪಿಎಜಿ ಎಣ್ಣೆಯನ್ನು ಹಳೆಯ ಗ್ಯಾಸಿನಿಂದ ಉಳಿದ ಕ್ಲೋರಿನ್ ಅಂಶ ಕೆಡಿಸುವುದರಿಂದ ನಾನು ಅದನ್ನು ಇಂಥ ಗಾಡಿಗಳಿಗೆ ಹಾಕುವುದಿಲ್ಲ. ಗ್ಯಾಸಿನಲ್ಲಿನ ತೇವ ಹೀರುವ ಡ್ರೈಯರನ್ನು ಹೊಸ ಗ್ಯಾಸಿಗೆ ಹೊಂದುವಂಥದ್ದಕ್ಕೆ ಬದಲಿಸಲೇಬೇಕು, ಬಿಚ್ಚಿದ ಪ್ರತಿ ಜಾಯಿಂಟಿಗೂ ಹೊಸ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಉಂಗುರ) ಬೇಕು.

ಇದೆಲ್ಲಕ್ಕೂ ಮೊದಲು ಲೀಕ್ ಹುಡುಕಿ. ಗ್ಯಾಸಿನೊಡನೆ ಎಣ್ಣೆಯೂ ಜಿನುಗುವುದರಿಂದ ಲೀಕ್ ಇರುವ ಕಡೆ ಧೂಳು ಕಪ್ಪಗೆ, ಜಿಡ್ಡಾಗಿ ಅಂಟಿಕೊಂಡಿರುತ್ತದೆ. ಕೆಲಸವೆಲ್ಲ ಮುಗಿದ ಮೇಲೆ ಮುಕ್ಕಾಲು ಗಂಟೆಯಾದರೂ ವ್ಯಾಕ್ಯೂಮ್ ಎಳೆದು (ಪಂಪಿನಿಂದ ಒಳಗಿನ ಗಾಳಿಯನ್ನೂ ತೇವವನ್ನೂ ತೆಗೆದು), ಪಂಪ್ ನಿಲ್ಲಿಸಿ, ಗೇಜಿನ ಮುಳ್ಳು ಕದಲದೆ ನಿಲ್ಲುತ್ತದೆಯೇ ಎಂದು ನೋಡಬೇಕು. ಗ್ಯಾಸನ್ನು ತೂಕ ಮಾಡಿಯೇ ತುಂಬಬೇಕು. ಮೊದಲು ಹಿಡಿಯುತ್ತಿದ್ದ ಆರ್-12ರ ತೂಕದ ನೂರಕ್ಕೆ 80ರಿಂದ 85 ಭಾಗದಷ್ಟು ಹಾಕಿ, ಅಲ್ಲಿಂದ ಮುಂದೆ ಗೇಜ್ ನೋಡಿಕೊಂಡು ಸರಿಪಡಿಸಬಹುದು.

ಉತ್ತರ 2 (ಮೈಸೂರು):
ಮೇಲಿನವರು ಹೇಳಿದ್ದೆಲ್ಲ ಸರಿ. ಗ್ಯಾಸಿನ ಶಾಖವನ್ನು ಹೊರಹಾಕುವ ಕಂಡೆನ್ಸರ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ. 60 ಡಿಗ್ರಿ ಶಾಖದಲ್ಲಿ ಆರ್-12ರ ಒತ್ತಡ ಸುಮಾರು 15 ಬಾರ್ ಇದ್ದರೆ ಆರ್-134ಎ ಒತ್ತಡ ಸುಮಾರು 17 ಬಾರ್ ಆಗುತ್ತದೆ. ಬಳ್ಳಾರಿಯ ಬಿಸಿಲಿನಲ್ಲಿ, ಅದರಲ್ಲೂ ಸಿಗ್ನಲ್‌ನಲ್ಲಿ ನಿಂತಾಗ, ಹಳೆಯ ಕಂಡೆನ್ಸರಿಗೆ ಆ ಶಾಖವನ್ನು ಹೊರಹಾಕುವುದು ಕಷ್ಟ. ಅಳತೆಗೆ ಹೊಂದುವ, ಶಾಖವನ್ನು ಹೆಚ್ಚು ಚೆನ್ನಾಗಿ ಹೊರಹಾಕುವ ಪ್ಯಾರಲಲ್ ಫ್ಲೋ ಕಂಡೆನ್ಸರ್ ಹಾಕಿಸಿ, ಮುಂದೆ ಒಂದು ಒಳ್ಳೆಯ ಎಲೆಕ್ಟ್ರಿಕ್ ಫ್ಯಾನ್ ಕೂರಿಸಿದರೆ ಖರ್ಚಿಗೆ ತಕ್ಕ ತಂಪು ಸಿಗುತ್ತದೆ.

ಅಂದಹಾಗೆ, ನಿಮ್ಮ ಕಾರು ಮನೆಗೆ ಬಂದ 1992ರಲ್ಲೇ ಭಾರತವು ಓಜೋನ್ ಪದರದ ರಕ್ಷಣೆಗಾಗಿ ಮಾಂಟ್ರಿಯಲ್ ಒಪ್ಪಂದಕ್ಕೆ ಸೇರಿತು. ಓಜೋನನ್ನು ಕೆಡಿಸುವ ಆರ್-12 ಬಳಕೆಯಿಂದ ಹೊರಗೆ ಹೋದದ್ದು ಅದರಿಂದಲೇ. ಆದ್ದರಿಂದ ಉಳಿದಿರುವ ಗ್ಯಾಸನ್ನು ಗಾಳಿಗೆ ಬಿಡದೆ ರಿಕವರಿ ಯಂತ್ರ ಇರುವ ಕಡೆಯೇ ತೆಗೆಸಿ.

ಉತ್ತರ 3 (ದಾವಣಗೆರೆ):
ಎಲ್‌ಪಿಜಿ ಜಾತಿಯ ಗ್ಯಾಸನ್ನು ದಯವಿಟ್ಟು ಒಪ್ಪಬೇಡಿ. ಅದು ತಂಪು ಮಾಡುತ್ತದೆ ನಿಜ, ಆದರೆ ಹೊತ್ತಿಕೊಳ್ಳುತ್ತದೆ. ಕೂಲಿಂಗ್ ಕಾಯಿಲ್ ಇರುವುದು ಡ್ಯಾಶ್‌ಬೋರ್ಡಿನ ಒಳಗೆ. ಅಲ್ಲಿ ಸೋರಿದರೆ ಗ್ಯಾಸ್ ತುಂಬಿಕೊಳ್ಳುವುದು ನೀವೂ ನಿಮ್ಮ ತಂದೆಯವರೂ ಕುಳಿತಿರುವ, ಗಾಜು ಏರಿಸಿದ ಕಾರಿನೊಳಗೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ಇಂದು ಬೆಳಿಗ್ಗೆ ಟಾರ್ಚ್ ಹಿಡಿದು ನೋಡಿದಾಗ, ಕಂಪ್ರೆಸರಿನ ಮುಂಭಾಗದಲ್ಲಿ, ಕ್ಲಚ್ಚಿನ ಹಿಂದೆ, ಬೆರಳಿಗೆ ಮೆತ್ತುವಷ್ಟು ಕಪ್ಪು ಜಿಡ್ಡು ಸುತ್ತಲೂ ಕಟ್ಟಿಕೊಂಡಿತ್ತು. ಅದು ಶಾಫ್ಟ್ ಸೀಲ್ (ತಿರುಗುವ ದಂಡದ ಸುತ್ತ ಗ್ಯಾಸ್ ಸೋರದಂತೆ ತಡೆಯುವ ಭಾಗ) ಇರುವ ಜಾಗವೆಂದು ತಿಳಿಯಿತು. ಮೊದಲು ಆ ಸೀಲ್ ಬದಲಿಸಿ, ಆಮೇಲೆ ನೀವು ಹೇಳಿದ ಕ್ರಮದಲ್ಲೇ ಆರ್-134ಎಗೆ ಬದಲಾಯಿಸಲು ನಿರ್ಧರಿಸಿದ್ದೇನೆ.