ಮೂಲಮನೆ ಗುಂಪಿನಲ್ಲಿ ಮೂರು ಬೆರಳಿನ ಹಕ್ಕಿ

ದೊಡ್ಡಮಾವ (ಹಕ್ಕಿಯ ಚಿತ್ರದ ಜೊತೆ ಫಾರ್ವರ್ಡ್): ಬಟನ್ ಕ್ವೇಲ್ ಎಂಬ ಹಕ್ಕಿಯಲ್ಲಿ ತಾಯಿ ಮೊಟ್ಟೆ ಇಟ್ಟು ಬೇರೆ ಗಂಡಿನ ಹಿಂದೆ ಹೋಗುತ್ತದೆ. ಕಾವು ಕೊಟ್ಟು ಮರಿ ಸಾಕುವುದು ತಂದೆ! ಕಲಿಗಾಲ ಹಕ್ಕಿಗಳಿಗೂ ಬಂತು. ಹತ್ತು ಜನರಿಗೆ ಕಳುಹಿಸಿ.

ದೊಡ್ಡಮಾವ: ತಾಯಿಯಾದವಳು ಮನೆಯಲ್ಲಿ ನಿಲ್ಲದಿದ್ದರೆ ಏನಾಗುತ್ತದೆ ಎಂದು ಎಲ್ಲರೂ ಯೋಚಿಸಬೇಕು.

ಬೆಂಗಳೂರು ಅಕ್ಕ: ಇದು ಯಾರಿಗೆ ಹೇಳಿದ್ದು ಮಾವ? ನಾನು ಮತ್ತೆ ಕೆಲಸಕ್ಕೆ ಸೇರಿದ್ದಕ್ಕೋ?

ದೊಡ್ಡಮಾವ: ನಾನು ಯಾರ ಹೆಸರನ್ನೂ ಎತ್ತಲಿಲ್ಲ.

ಸುರತ್ಕಲ್ ಅಣ್ಣ: ಬರೆದವರು ಯಾರು? ಆಧಾರ ಏನು? ಹಲಸಿನ ಬೀಜದಿಂದ ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ ಎಂದು ಬಂದದ್ದೂ ಇದೇ ಗುಂಪಿಗೆ.

ಕಾರ್ಕಳ ಚಿಕ್ಕಮ್ಮ: ಅದನ್ನು ಕಳುಹಿಸಿದ್ದು ನಿನ್ನ ಹೆಂಡತಿ.

ನಾನು: ಸಂಗತಿ ಬಹುಪಾಲು ನಿಜ, ಚಿತ್ರ ತಪ್ಪು. ಚಿತ್ರದಲ್ಲಿರುವುದು ಫಾರಂನಲ್ಲಿ ಸಾಕುವ ಕ್ವೇಲ್. ಕಾಲನ್ನು ದೊಡ್ಡದು ಮಾಡಿ ನೋಡಿ, ಹಿಂದಕ್ಕೆ ಒಂದು ಬೆರಳಿದೆ. ಬಟನ್ ಕ್ವೇಲ್‌ಗೆ ಹಿಂಬೆರಳೇ ಇಲ್ಲ, ಮುಂದಿನ ಮೂರೇ. ನೋಡಲು ಲಾವಕ್ಕಿಯಂತಿದ್ದರೂ ಅದರ ಬಳಗವಲ್ಲ. ಡಿಎನ್‌ಎ ಪರೀಕ್ಷಿಸಿದ ಮೇಲೆ ವಿಜ್ಞಾನಿಗಳು ಅದನ್ನು ಕಡಲಕ್ಕಿ, ಟಿಟ್ಟಿಭಗಳ ಗಣಕ್ಕೆ ಸೇರಿಸಿದ್ದಾರೆ. ಗಂಡು ಕಾವು ಕೊಡುವುದನ್ನು ಸಲೀಂ ಅಲಿಯವರೂ ಬರೆದಿದ್ದಾರೆ. ಕಲಿಗಾಲಕ್ಕೂ ಇದಕ್ಕೂ ಸಂಬಂಧವಿಲ್ಲ.

ಕಾರ್ಕಳ ಚಿಕ್ಕಮ್ಮ: ಹೆಣ್ಣಿನ ಕಡೆಯಿಂದಲೇ ಆಸ್ತಿ ನಡೆದು ಬಂದ ಮನೆ ನಮ್ಮದು. ಇಲ್ಲಿ ಹೆಣ್ಣಿಗೆ ಬುದ್ಧಿ ಹೇಳಲು ಹಕ್ಕಿಯನ್ನು ಕರೆತರಬೇಕಾಯಿತೇ ಅಣ್ಣಾ?

ಸುರತ್ಕಲ್ ಅಣ್ಣ: 1949ರ ಅಳಿಯಸಂತಾನ ಕಾಯ್ದೆಯಲ್ಲೇ ಕವರುಗಳಿಗೆ, ಅಂದರೆ ಕುಟುಂಬದ ಹೆಣ್ಣಿನ ಕಡೆಯ ಕವಲುಗಳಿಗೆ, ಪಾಲು ಕೇಳುವ ಹಕ್ಕು ಬಂದಿತ್ತು. ನಮ್ಮ ಅಜ್ಜಿಯ ಪಾಲಿನ ಕಾಗದವನ್ನು ಇಂದಿನವರೆಗೂ ಯಾರೂ ತೋರಿಸಿಲ್ಲ.

ದೊಡ್ಡಮಾವ: ಹಕ್ಕಿಯ ವಿಷಯಕ್ಕೆ ಪಾಲಿನ ಮಾತು ಏಕೆ?

ಮುಂಬಯಿ ಅಣ್ಣ: ಮೂಲಮನೆಯ ಗುಡ್ಡೆಯನ್ನು ನೆನೆದರೆ ಈಗಲೂ ಬಾಯಲ್ಲಿ ನೀರೂರುತ್ತದೆ. ಕೇಪಳ ಹಣ್ಣು, ಕುಂಟಲ ಹಣ್ಣು ತಿಂದು ನಾಲಗೆಯೆಲ್ಲ ನೇರಳೆ ಬಣ್ಣ. ಮುಳಿಹುಲ್ಲಿನ ಹೊರೆ ಹೊತ್ತು ಇಳಿದರೆ ಅಜ್ಜಿ ಅಕ್ಕಿ ಕಡುಬು, ಬಿಸಿ ಪುಂಡಿ ಕೊಡುತ್ತಿದ್ದರು. ದೊಡ್ಡಮಾವ ಪಂಜರದಲ್ಲಿ ಇಂಥದೇ ಒಂದು ಹಕ್ಕಿಯನ್ನಿಟ್ಟು ಹುಲ್ಲಿನಲ್ಲಿ ಬಿಡುತ್ತಿದ್ದರು. ಅದು ಕೂಗಿದರೆ ಹೊರಗಿನದು ಜಗಳಕ್ಕೆ ಬಂದು ಸಿಕ್ಕಿಬೀಳುತ್ತಿತ್ತು.

ಕಾರ್ಕಳ ಚಿಕ್ಕಮ್ಮ: ಮಸಾಲೆ ಅರೆದದ್ದು ನಾನು. ನನ್ನ ಪಾಲಿಗೆ ಬಂದದ್ದು ಬರೀ ಸಾರು.

ನಾನು: ಅಣ್ಣಾ, ಆ ಎರಡೂ ಹೆಣ್ಣು. ಈ ಕುಲದಲ್ಲಿ ಕೂಗಿ ಗಂಡನ್ನು ಕರೆಯುವುದೂ ಜಾಗಕ್ಕಾಗಿ ಹೊಡೆದಾಡುವುದೂ ಹೆಣ್ಣೇ. ಗಂಡಿಗಿಂತ ದೊಡ್ಡದು, ನಮ್ಮ ಗುಡ್ಡೆಯ ಜಾತಿಯಲ್ಲಿ ಗಂಟಲೂ ಕಪ್ಪು. ಈಗ ಹಿಡಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ.

ದೊಡ್ಡಮಾವ: ಆಗ ಎಲ್ಲರೂ ಹಿಡಿಯುತ್ತಿದ್ದರು.

ನಾನು: ಮಾವ, ನಿಮ್ಮನ್ನು ದೂರುತ್ತಿಲ್ಲ. ಒಂದು ಮಾತು ಪೂರ್ತಿ ಓದಿ. ಈ ಹಕ್ಕಿ ನಮ್ಮ ಗುಡ್ಡೆಯಲ್ಲಿ ಈಗಲೂ ಇದೆ. ಬೆಳಗ್ಗೆ ಹುಲ್ಲಿನೊಳಗಿಂದ, ದೂರದಲ್ಲಿ ಯಾರೋ ಬೈಕ್ ಶುರು ಮಾಡಿದಂತೆ, ಡರ್‌ರ್‌ರ್ ಎಂದು ಕೇಳುತ್ತದಲ್ಲ, ಅದೇ. ಕಣ್ಣಿಗೆ ಬೀಳುವುದು ಅಪರೂಪ. ಕಾಲ ಬುಡಕ್ಕೆ ಹೋಗುವವರೆಗೂ ಅಲುಗಾಡದೆ ಕೂತಿರುತ್ತದೆ. ಗೂಡು ನೆಲದಲ್ಲೇ: ಹುಲ್ಲಿನ ಬುಡದಲ್ಲಿ ಅಂಗೈಯಷ್ಟು ಗುಳಿ, ಮೇಲೆ ಹುಲ್ಲನ್ನೇ ಬಗ್ಗಿಸಿ ಮಾಡಿದ ಮಾಡು, ಒಳಗೆ ಮೂರು ನಾಲ್ಕು ಚುಕ್ಕೆ ಮೊಟ್ಟೆ. ಗಂಡು ಸುಮಾರು ಎರಡು ವಾರ ಕಾವು ಕೊಡುತ್ತದೆ. ಮೊಟ್ಟೆಯೊಡೆದ ಮರಿಗಳು ಬೇಗನೆ ನಡೆಯುತ್ತವೆ. ಆದರೂ ಮೊದಲ ದಿನಗಳಲ್ಲಿ ಗಂಡು ಹುಳವನ್ನು ಕೊಕ್ಕಿನಲ್ಲಿ ಹಿಡಿದು ಚಾಚುತ್ತದೆ, ಮರಿ ಅಲ್ಲಿಂದಲೇ ಕಿತ್ತುಕೊಳ್ಳುತ್ತದೆ. ಹೆಣ್ಣು ಅಷ್ಟರಲ್ಲಿ ಇನ್ನೊಂದು ಗಂಡಿಗೆ ಇನ್ನೊಂದು ಗೂಡಿನಲ್ಲಿ ಮೊಟ್ಟೆ ಇಟ್ಟುಕೊಡುತ್ತದೆ. ಮುಂಗುಸಿ, ಹಾವು, ಬೀದಿನಾಯಿ ಇರುವ ನೆಲದಲ್ಲಿ ಒಂದು ಗೂಡು ಹೋದರೂ ಇನ್ನೊಂದು ಉಳಿಯಬಹುದು. ಅದನ್ನು ಮನೆ ಬಿಟ್ಟು ಓಡಿಹೋಗುವುದು ಎಂದು ಕರೆಯಬೇಡಿ. ಗೂಡು ವರ್ಷದ ಯಾವ ಹೊತ್ತಿನಲ್ಲೂ ಇರಬಹುದು. ಸೋಮವಾರ ಗುಡ್ಡೆ ಸಮತಟ್ಟು ಮಾಡಲು ಜೆಸಿಬಿ ಬಂದರೆ ಗೂಡೂ ಮೊಟ್ಟೆಯೂ ಮಣ್ಣಿನಡಿ ಹೋಗುತ್ತವೆ. ಮುಳಿಹುಲ್ಲು ಇರುವ ಪಡುವಣ ಬದಿಯನ್ನಾದರೂ ಬಿಟ್ಟುಬಿಡಿ.

ಮುಂಬಯಿ ಅಣ್ಣ: ಪುಂಡಿಗೆ ಚಟ್ನಿ ಯಾವುದಿತ್ತು ಚಿಕ್ಕಮ್ಮ? ಹುರುಳಿಯದ್ದೋ?

ದೊಡ್ಡಮಾವ: ಗುಡ್ಡೆ ಸಮತಟ್ಟು ಮಾಡುವುದು ಎಲ್ಲರೂ ಒಪ್ಪಿದ ತೀರ್ಮಾನ.

ಬೆಂಗಳೂರು ಅಕ್ಕ: ನನ್ನನ್ನು ಯಾರೂ ಕೇಳಿಲ್ಲ.

ಸುರತ್ಕಲ್ ಅಣ್ಣ: ನನ್ನನ್ನೂ. ಅಲ್ಲದೆ ಹಕ್ಕಿ ಅಲ್ಲಿದೆ ಎನ್ನುವುದಕ್ಕೆ ಏನು ಪುರಾವೆ?

ನಾನು: ಭಾನುವಾರ ಬೆಳಕು ಹರಿಯುವ ಮೊದಲು ಬನ್ನಿ. ಹುಲ್ಲಿಗೆ ಇಳಿಯುವುದು ಬೇಡ. ದರೆಯ ಮೇಲೆ ನಿಂತು ಕೂಗು ಯಾವ ದಿಕ್ಕಿನಿಂದ ಬರುತ್ತದೆ ಎಂದು ಕೇಳಿ, ಆ ಭಾಗಕ್ಕೆ ಹಗ್ಗ ಕಟ್ಟೋಣ. ಮಾವ, ನೀವೂ ಬರಬೇಕು. ಆ ಕೂಗನ್ನು ನಿಮ್ಮಷ್ಟು ಬಲ್ಲವರು ಈ ಮನೆಯಲ್ಲಿಲ್ಲ.

ದೊಡ್ಡಮಾವ: ನೋಡೋಣ. ಮೊಣಕಾಲು ನೋವಿದೆ.

ಸುರತ್ಕಲ್ ಅಣ್ಣ: ನಾನು ಬರುತ್ತೇನೆ.

ಕಾರ್ಕಳ ಚಿಕ್ಕಮ್ಮ: ಜೆಸಿಬಿಗೆ ಮುಂಗಡ ಕೊಟ್ಟಾಗಿದೆಯೇ ಅಣ್ಣಾ? ಯಾವ ಹಣ? ದೈವದ ನೇಮಕ್ಕೆ ಎಂದು ನಾವು ಒಟ್ಟು ಮಾಡಿದ್ದೋ?

ದೊಡ್ಡಮಾವ: ಅದನ್ನು ಫೋನಿನಲ್ಲಿ ಮಾತನಾಡೋಣ.

ಕಾರ್ಕಳ ಚಿಕ್ಕಮ್ಮ: ಇಲ್ಲಿಯೇ ಹೇಳಿ.